ಮಾಗಿ ಚಳಿಯ ಬೆಳಗ್ಗೆ ಏನು ನೋಡಬೇಕು, ಎಲ್ಲಿ ನಿಂತು ನೋಡಬೇಕು

ಕಾರ್ತಿಕ ಕಳೆದಾಗಿನಿಂದ ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಓಡಿಹೋಗುವವರೆಗೆ ನಮ್ಮ ಬಯಲುಸೀಮೆಯಲ್ಲಿ ನೋಡುವಂಥದ್ದು ಹೆಚ್ಚುಪಾಲು ಮೊಣಕಾಲಿಗಿಂತ ಕೆಳಗೇ ಇರುತ್ತದೆ. ಅದೂ ಬೆಳಗ್ಗೆ ಎಂಟೂವರೆಯೊಳಗೆ ಮುಗಿದುಹೋಗುತ್ತದೆ. ಬೆಟ್ಟ, ಕಾಡು ಅಂತ ದೂರ ಹೋಗಬೇಕಿಲ್ಲ. ಮನೆ ಕಟ್ಟದೆ ಬಿಟ್ಟ ಸೈಟು, ಕೆರೆ ಏರಿ, ಹೊಲದ ಬದು, ಶಾಲೆಯ ಆಟದ ಮೈದಾನ ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಬೇಗ ಎದ್ದು ಹೋದವರೂ ‘ಏನೂ ಕಾಣಲಿಲ್ಲ’ ಅಂತ ವಾಪಸ್ಸಾಗುವುದುಂಟು. ಅಂಥವರು ಸೂರ್ಯನಿಗೆ ಯಾವ ಕಡೆ ಮುಖ ಮಾಡಿ ನಿಂತಿದ್ದರು ಎಂದು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಏಳಬೇಕೋ ಬೇಡವೋ: ಹಿಂದಿನ ರಾತ್ರಿಯೇ ಗೊತ್ತಾಗುತ್ತದೆ

ಇಬ್ಬನಿ ‘ಬಿತ್ತು’ ಅನ್ನುತ್ತೇವೆ, ಅದು ಮಾತಿನ ರೂಢಿ ಅಷ್ಟೆ. ರಾತ್ರಿ ಹುಲ್ಲಿನ ಎಸಳು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆ ತಣ್ಣನೆ ಮೈಗೆ ತಾಕಿದ ಗಾಳಿಯ ತೇವ ಅಲ್ಲೇ ಹನಿಗಟ್ಟುತ್ತದೆ. ಹಾಗಾಗಿ ಮೂರು ವಿಷಯ ನೋಡಿಕೊಳ್ಳಿ. ಆಕಾಶ ತಿಳಿಯಾಗಿ ನಕ್ಷತ್ರ ಕಾಣುತ್ತಿರಬೇಕು, ಏಕೆಂದರೆ ಮೋಡ ಕವಿದರೆ ಕಂಬಳಿ ಹೊದ್ದಂತೆ ಬಿಸಿ ಕೆಳಗೇ ಉಳಿಯುತ್ತದೆ. ಗಾಳಿ ನಿಂತಿರಬೇಕು. ಅರಳಿ ಎಲೆ ಪಟಪಟ ಅನ್ನುತ್ತಿದ್ದರೆ ಆಸೆ ಬಿಡಿ. ಜೊತೆಗೆ ಹತ್ತಿರದಲ್ಲಿ ತೇವ ಬೇಕು: ಕೆರೆ, ನೀರು ಕಟ್ಟಿದ ತೋಟ, ಇಲ್ಲವೇ ನಾಲ್ಕೈದು ದಿನದ ಹಿಂದೆ ಬಂದ ಮಳೆ.

ಸುಲಭದ ಪರೀಕ್ಷೆಯೂ ಇದೆ. ರಾತ್ರಿ ಹತ್ತು ಗಂಟೆಗೆ ಹೊರಗೆ ನಿಲ್ಲಿಸಿದ ಬೈಕಿನ ಸೀಟು ಮುಟ್ಟಿ ನೋಡಿ. ಆಗಲೇ ತಣ್ಣಗೆ ಒದ್ದೆಯಾಗಿದ್ದರೆ ಅಲಾರಂ ಇಟ್ಟುಕೊಳ್ಳಿ.

ಬೆಂಗಳೂರಿನ ಸುತ್ತ ಡಿಸೆಂಬರ್ ಮೊದಲ ವಾರ ಸೂರ್ಯ ಹುಟ್ಟುವುದು 6:25ರ ಸುಮಾರಿಗೆ, ಜನವರಿ ಮೂರನೇ ವಾರಕ್ಕೆ 6:46ರ ಹೊತ್ತಿಗೆ. ಬೀದರಿನ ಕಡೆ ಇನ್ನೂ ಏಳೆಂಟು ನಿಮಿಷ ತಡ. ಸೂರ್ಯ ಹುಟ್ಟುವ ಇಪ್ಪತ್ತು ನಿಮಿಷ ಮೊದಲೇ ಜಾಗದಲ್ಲಿರಬೇಕು. ಮರದಡಿ ಹುಡುಕಬೇಡಿ, ಕೊಂಬೆಗಳು ಆಕಾಶವನ್ನು ಮುಚ್ಚಿರುವುದರಿಂದ ಅಲ್ಲಿ ಇಬ್ಬನಿ ಕಡಿಮೆ. ಬಂಡೆ, ಸಿಮೆಂಟು ನೆಲ ಹಗಲಿನ ಕಾವನ್ನು ಹಿಡಿದುಕೊಂಡಿರುತ್ತವೆ, ಅವೂ ಬೇಡ. ಬಯಲಲ್ಲಿರುವ ತೆಳು ಹುಲ್ಲು ಎಲ್ಲಕ್ಕಿಂತ ಒಳ್ಳೆಯದು.

ಕಾವಳ ಕವಿದ ದಿನದ ಲೆಕ್ಕ ಬೇರೆ. ಕಾವಳ ತೇಲುವ ಹನಿಯೇ ಆದ್ದರಿಂದ ಮರದಡಿಯನ್ನೂ ಬಿಡದೆ ಎಲ್ಲವನ್ನೂ ಒದ್ದೆ ಮಾಡುತ್ತದೆ. ಅವತ್ತು ತಂತಿಬೇಲಿ, ಗೇಟು, ಕರೆಂಟು ಕಂಬದ ಸಂದು ಎಲ್ಲೆಲ್ಲೂ ಜೇಡರ ಬಲೆಗಳು ಎದ್ದು ಕಾಣುತ್ತವೆ. ಆದರೆ ಕೆಳಗೆ ಹೇಳುವ ಬೆಳಕಿನ ಆಟಗಳು ಮಾತ್ರ ಇರುವುದಿಲ್ಲ.

ಕೈಚೀಲದಲ್ಲಿ

ಮಂಡಿಯೂರಲು ಖಾಲಿ ಗೊಬ್ಬರದ ಚೀಲ ಒಂದು. ಇದನ್ನು ಮರೆತವರು ಹತ್ತು ನಿಮಿಷಕ್ಕೇ ಎದ್ದುಬಿಡುತ್ತಾರೆ, ಪ್ಯಾಂಟು ಒದ್ದೆಯಾಗಿ ಚಳಿ ಮೂಳೆಗಿಳಿಯುತ್ತದೆ. ಕಿವಿ ಮುಚ್ಚುವ ಟೋಪಿ, ಪಾದದ ಗಂಟು ಮುಚ್ಚುವ ಶೂ, ಒಂದು ಕೋಲು, ಒಣ ಕರ್ಚೀಪು, ಸ್ವಲ್ಪ ನೀರು.

ಮತ್ತೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್, ಅಂದರೆ ಅಕ್ಕಸಾಲಿಗರು, ವಾಚ್ ರಿಪೇರಿಯವರು ಬಳಸುವ ಪುಟ್ಟ ಭೂತಗನ್ನಡಿ. ಅಕ್ಕಸಾಲಿಗರ ಸಲಕರಣೆ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಇದನ್ನು ಹಿಡಿಯುವ ಕ್ರಮವನ್ನು ಬಹಳ ಜನ ತಪ್ಪು ಮಾಡುತ್ತಾರೆ. ಸಿನಿಮಾ ಪತ್ತೇದಾರನಂತೆ ಕೈ ಚಾಚಿ ಹಿಡಿದರೆ ಮಸುಕು ಬಿಟ್ಟು ಬೇರೇನೂ ಕಾಣುವುದಿಲ್ಲ. ಲೂಪನ್ನು ರೆಪ್ಪೆಗೆ ತಾಗುವಷ್ಟು ಹತ್ತಿರ ಹಿಡಿದು, ಆ ಕೈಯ ಹೆಬ್ಬೆರಳನ್ನು ಕೆನ್ನೆಗೆ ಆನಿಸಿಕೊಳ್ಳಿ. ಆಮೇಲೆ ತಲೆಯನ್ನೇ ಬಗ್ಗಿಸುತ್ತ ವಸ್ತುವಿನ ಕಡೆ ಹೋಗಿ. ಎರಡೂವರೆ ಸೆಂಟಿಮೀಟರ್ ಅಂತರಕ್ಕೆ ಬಂದಾಗ ಎಲ್ಲ ಸ್ಪಷ್ಟವಾಗುತ್ತದೆ. ಉಸಿರು ಬಿಗಿಹಿಡಿಯಿರಿ, ಬಿಟ್ಟರೆ ಗಾಜು ಮಂಜಾಗುತ್ತದೆ. ಲೂಪ್ ಇಲ್ಲದಿದ್ದರೆ ಬೈನಾಕ್ಯುಲರನ್ನು ತಿರುಗಿಸಿ ಹಿಡಿದು, ದೊಡ್ಡ ಗಾಜಿನ ಕಡೆಯಿಂದ ನೋಡುತ್ತ ಚಿಕ್ಕ ಗಾಜನ್ನು ವಸ್ತುವಿನ ಹತ್ತಿರ ತಂದರೂ ಕೆಲಸ ನಡೆಯುತ್ತದೆ.

ಸೂರ್ಯನಿಗೆ ಮುಖ ಮಾಡಿ: ಬಲೆಗಳು

ಬಲೆಗಳಿಗಾಗಿ ಸೂರ್ಯನಿಗೆ ಎದುರಾಗಿ ನಿಲ್ಲಬೇಕು. ಬಲೆ ನಿಮಗೂ ಸೂರ್ಯನಿಗೂ ನಡುವೆ ಬರಬೇಕು, ಬಲೆಯ ಹಿಂದೆ ಕಪ್ಪಾದ ಏನಾದರೂ ಇರಬೇಕು: ಬೇಲಿಯ ನೆರಳು, ಹುಣಸೆ ಮರದ ಕಾಂಡ, ಬಾವಿಯ ಗೋಡೆ. ಹಿಂದೆ ಬೆಳ್ಳನೆ ಆಕಾಶ ಬಂದರೆ ಬಲೆ ಮಾಯ. ಕಣ್ಣನ್ನು ಬಲೆಯ ಮಟ್ಟಕ್ಕೇ ಇಳಿಸಿ. ನಿಂತು ನೋಡಿದಾಗ ಒಂದೂ ಕಾಣದ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತಾಗ ನಲವತ್ತು ಬಲೆ ಕಾಣುತ್ತವೆ.

ಹುಲ್ಲುಹಾಸಿನ ಮೇಲೆ ಯಾರೋ ಅಂಗೈಯಗಲದ ಬಿಳಿ ಕರ್ಚೀಪುಗಳನ್ನು ಹರವಿ ಹೋದಂತೆ ಕಂಡರೆ ಅವು ಆಲಿಕೆ ಬಲೆಗಳು. ಒಂದು ಮೂಲೆಯಲ್ಲಿ ಬಟ್ಟೆ ಒಳಕ್ಕೆ ಸುರುಳಿಯಾಗಿ ಕೊಳವೆಯಾಗಿರುತ್ತದೆ. ಆ ಕೊಳವೆಯ ಬಾಯಲ್ಲೇ ಮುಂಗಾಲು ಚಾಚಿಕೊಂಡು ಜೇಡ ಕೂತಿರುತ್ತದೆ. ಈ ಬಲೆಯಲ್ಲಿ ಅಂಟಿಲ್ಲ. ಹುಳ ಬಿದ್ದ ಅದುರು ತಿಳಿದ ಕೂಡಲೇ ಜೇಡ ಓಡಿಬಂದು ಹಿಡಿಯುತ್ತದೆ. ನಿಮ್ಮ ಹೆಜ್ಜೆಯ ಅದುರಿಗೂ ಅದು ಒಳಗೆ ಸರಿದುಬಿಡುವುದರಿಂದ ಎರಡು ಮಾರು ದೂರದಿಂದಲೇ ಮೆಲ್ಲಗೆ ಹೋಗಿ.

ಚಕ್ರದಂಥ ಬಲೆ ಬೇರೆ. ನಡುವಿನಿಂದ ಹೊರಟ ಕಡ್ಡಿಯಂಥ ಎಳೆಗಳು ಒಣ, ಅವನ್ನು ಸುತ್ತುವ ಎಳೆ ಅಂಟು. ಅಂಟು ತೇವವನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಸುತ್ತೆಳೆಯ ಮೇಲೆ ಪೋಣಿಸಿದ ಮುತ್ತಿನಂತೆ ಒತ್ತೊತ್ತಾಗಿ ಹನಿ ನಿಲ್ಲುತ್ತವೆ, ಕಡ್ಡಿಯೆಳೆಗಳು ಅಷ್ಟಾಗಿ ತುಂಬುವುದಿಲ್ಲ. ದೊಡ್ಡ ಹನಿಯೊಂದನ್ನು ಆರಿಸಿಕೊಂಡು ಲೂಪಿನಲ್ಲಿ ನೋಡಿ. ಅದರೊಳಗೆ ಎದುರಿನ ಹೊಲವೆಲ್ಲ ತಲೆಕೆಳಗಾಗಿ ಇದೆ: ಕೆಳಗೆ ಆಕಾಶ, ಮೇಲೆ ನೆಲ, ನಡುವೆ ತೆಂಗಿನ ಮರ ಬೇರು ಮೇಲಾಗಿ. ಪಕ್ಕದ ಹನಿಯಲ್ಲೂ ಅದೇ ಹೊಲ. ಒಂದು ಬಲೆಯಲ್ಲಿ ನೂರಾರು ಹೊಲ. ಚಕ್ರಬಲೆ ನೇಯುವ ಕೆಲವು ಜೇಡಗಳು ರಾತ್ರಿ ಕಟ್ಟಿ ಬೆಳಗಾಗುವಷ್ಟರಲ್ಲಿ ಬಿಚ್ಚಿಬಿಡುತ್ತವೆ, ಅಂಥದ್ದನ್ನು ಮೊದಲು ನೋಡಿ ಮುಗಿಸಿ.

ಫೋಟೋ ಚೆನ್ನಾಗಿ ಬರಲಿ ಅಂತ ಒಣ ಬಲೆಗೆ ಸ್ಪ್ರೇ ಬಾಟಲಿಯಿಂದ ನೀರು ಹೊಡೆಯುವವರಿದ್ದಾರೆ. ಭಾರಕ್ಕೆ ಎಳೆ ಜೋತುಬಿದ್ದು ಅಂಟು ಕೆಡುತ್ತದೆ, ಆ ದಿನದ ಊಟ ಹೋದಂತೆ. ಅದು ಬೇಡ.

ಸೂರ್ಯನಿಗೆ ಬೆನ್ನು ಮಾಡಿ: ತಲೆಯ ಸುತ್ತ ಪ್ರಭೆ

ಈಗ ತಿರುಗಿ. ಸೂರ್ಯ ಹುಟ್ಟಿ ಅರ್ಧ ಮುಕ್ಕಾಲು ಗಂಟೆ ಆಗಿ, ನಿಮ್ಮ ನೆರಳು ನಿಮ್ಮ ಎತ್ತರದ ಐದಾರು ಪಟ್ಟು ಉದ್ದ ಇರುವಾಗ, ಅದರ ತಲೆ ದಟ್ಟ ಇಬ್ಬನಿಯ ಹುಲ್ಲಿನ ಮೇಲೆ ಬೀಳುವಂತೆ ನಿಲ್ಲಿ. ನೆರಳಿನ ತಲೆಯ ಸುತ್ತ ಹುಲ್ಲು ಉಳಿದ ಕಡೆಗಿಂತ ಬೆಳ್ಳಗೆ ಹೊಳೆಯುತ್ತದೆ, ಪಟದಲ್ಲಿ ದೇವರ ತಲೆಯ ಹಿಂದೆ ಬರೆಯುವ ಪ್ರಭಾವಳಿಯಂತೆ. ಪ್ರತಿ ಹನಿಯೂ ಬಿಸಿಲನ್ನು ಹಿಂದಿನ ಎಸಳಿನ ಮೇಲೆ ಒಂದು ಚುಕ್ಕೆಯಾಗಿ ಕೂಡಿಸುತ್ತದೆ, ಆ ಬೆಳಕು ಅದೇ ಹನಿಯ ಮೂಲಕ ಬಂದ ದಾರಿಯಲ್ಲೇ ವಾಪಸ್ಸಾಗುತ್ತದೆ. ಬಂದ ದಾರಿ ಅಂದರೆ ಸೂರ್ಯನ ಕಡೆ, ಅಂದರೆ ನಿಮ್ಮ ತಲೆಯ ಕಡೆ. ಹೀಗಾಗಿ ನಿಮ್ಮ ಪ್ರಭೆ ನಿಮಗೆ ಮಾತ್ರ ಕಾಣುತ್ತದೆ, ಪಕ್ಕದವರಿಗೆ ಅವರದು. ಮಕ್ಕಳನ್ನು ಕರೆದುಕೊಂಡು ಹೋದರೆ ‘ನನಗೆ ಮಾತ್ರ ಇದೆ, ನಿನಗಿಲ್ಲ’ ಅಂತ ಜಗಳ ಖಂಡಿತ. ಕಾಣದಿದ್ದರೆ ನಿಂತಲ್ಲೇ ನಿಲ್ಲದೆ ನಡೆಯಿರಿ. ಹುಲ್ಲು ಹಿಂದೆ ಸರಿಯುತ್ತಿದ್ದರೂ ಬೆಳಕು ನೆರಳಿನ ತಲೆಯ ಜೊತೆಗೇ ಬರುವಾಗ ಕಣ್ಣಿಗೆ ಸಿಗುತ್ತದೆ.

ಇದೇ ಭಂಗಿಯಲ್ಲಿ ಇನ್ನೊಂದು ಅಪರೂಪದ ನೋಟ ಇದೆ. ಮೈದಾನದ ತುಂಬ ಸಣ್ಣ ಬಲೆಗಳು ಹರಡಿ ಅವುಗಳ ಮೇಲೆ ಇಬ್ಬನಿ ನಿಂತಿದ್ದರೆ ನೆಲದ ಮೇಲೇ ಕಾಮನಬಿಲ್ಲು ಮೂಡುತ್ತದೆ. ಕೈಯನ್ನು ಪೂರ್ತಿ ಚಾಚಿ ಬೆರಳಗಲಿಸಿದರೆ ಒಂದು ಗೇಣು ಸುಮಾರು 20 ಡಿಗ್ರಿ. ನೆರಳಿನ ತಲೆಯಿಂದ ಎಡಕ್ಕೆ ಎರಡು ಗೇಣು, ಬಲಕ್ಕೆ ಎರಡು ಗೇಣು ಅಳೆದು ಅಲ್ಲಿ ಹುಡುಕಿ. ಕಾಮನಬಿಲ್ಲು ಯಾವತ್ತೂ 42 ಡಿಗ್ರಿಯಲ್ಲೇ ಇರುವುದು. ಆಕಾಶದಲ್ಲಿ ಕಮಾನು, ನೆಲದಲ್ಲಿ ಅದು ದೂರ ಹೋದಂತೆ ಅಗಲವಾಗುವ ಎರಡು ತೋಳು. ಬರೀ ಹುಲ್ಲಿನ ಮೇಲೆ ಸಾಮಾನ್ಯವಾಗಿ ಕಾಣುವುದಿಲ್ಲ, ಎಸಳಿಗೆ ಅಂಟಿದ ಹನಿ ಚಪ್ಪಟೆ. ಬಲೆಯ ಮೇಲಿನ ಹನಿಯೇ ಹೆಚ್ಚು ದುಂಡಗಿರುವುದು.

ನಂದಿಬೆಟ್ಟಕ್ಕೆ ಹೋಗುವವರಿಗೂ ಇದೇ ಮಾತು. 1,478 ಮೀಟರ್ ಎತ್ತರಕ್ಕೆ ಹೋಗಿ ಎಲ್ಲರೂ ಪೂರ್ವಕ್ಕೆ ಫೋನ್ ಹಿಡಿದು ನಿಂತಿರುತ್ತಾರೆ. ಸೂರ್ಯ ಮೇಲೆ ಬಂದಮೇಲೆ ಪಡುವಣ ಅಂಚಿನ ಕಟಕಟೆಗೆ ಹೋಗಿ, ಕೆಳಗೆ ಮೋಡ ತುಂಬಿದ್ದರೆ ಅದರ ಮೇಲೆ ಬಿದ್ದ ನಿಮ್ಮ ನೆರಳು ನೋಡಿ. ತಲೆಯ ಸುತ್ತ ಬಣ್ಣದ ಉಂಗುರ, ಅದೃಷ್ಟವಿದ್ದರೆ ಒಂದರೊಳಗೊಂದು ಎರಡು.

ಇದು ಇಬ್ಬನಿಯೋ, ಗಿಡದ ನೀರೋ

ಗರಿಕೆಯ ತುದಿಯಲ್ಲಿ, ಟೊಮೆಟೊ ಎಲೆಯ ಹಲ್ಲುಗಳಲ್ಲಿ, ಕೆಸುವಿನ ಎಲೆಯ ಚೂಪಿನಲ್ಲಿ ಒಂದೊಂದೇ ದಪ್ಪ ಹನಿ ಅಳೆದಿಟ್ಟಂತೆ ನಿಂತಿದ್ದರೆ ಅದು ಇಬ್ಬನಿಯಲ್ಲ. ಬೇರು ರಾತ್ರಿಯಿಡೀ ನೀರು ಮೇಲಕ್ಕೆ ತಳ್ಳಿದೆ, ಎಲೆಯಿಂದ ಆವಿಯಾಗಿ ಹೋಗಲು ಆಗಿಲ್ಲ, ಹಾಗಾಗಿ ಅಂಚಿನ ಸಣ್ಣ ರಂಧ್ರಗಳಿಂದ ಹೊರಬಂದಿದೆ. ಇಬ್ಬನಿಯಾದರೆ ಎಲೆಯ ಮೈಮೇಲೆಲ್ಲ ನುಚ್ಚಿನಂತೆ ಹರಡಿರುತ್ತದೆ. ಅನುಮಾನವಿದ್ದರೆ ಒಂದು ತುದಿಯನ್ನು ಕರ್ಚೀಪಿನಿಂದ ಒತ್ತಿ ಒಣಗಿಸಿ ಬಿಸಿಲು ಬೀಳುವ ಮುಂಚೆ ಕಾದು ನೋಡಿ. ಮತ್ತೆ ಅದೇ ಜಾಗದಲ್ಲಿ ಹನಿ ಕಟ್ಟಿದರೆ ಗಿಡದ್ದು. ಹಿಂದಿನ ದಿನ ನೀರು ಬಿಟ್ಟ ತೋಟದಲ್ಲಿ ಈ ಪರೀಕ್ಷೆ ಸರಿಯಾಗಿ ನಡೆಯುತ್ತದೆ. ಒಣನೆಲದಲ್ಲಿ ಕಾಯಬೇಡಿ.

ಮೂಗಿಗೆ, ನಾಲಿಗೆಗೆ

ಅವರೆ ಹೊಲದ ಪಕ್ಕ ಡಿಸೆಂಬರ್, ಜನವರಿಯಲ್ಲಿ ಹೋದರೆ ಕಣ್ಣಿಗಿಂತ ಮೂಗು ಮೊದಲು. ಸೊಗಡು ಇರುವುದು ಕಾಯಿಯ ಸಿಪ್ಪೆಯ ಮೇಲಿನ ಎಣ್ಣೆಯಂಥ ಜಿಡ್ಡಿನಲ್ಲಿ. ಒಂದು ಕಾಯಿಯನ್ನು ಬೆರಳಿಂದ ಸವರಿ ಬೆರಳು ಮೂಸಿ. ಇಬ್ಬನಿ ಬಿದ್ದ ಬೆಳಗ್ಗೆಗೂ ಮಟಮಟ ಮಧ್ಯಾಹ್ನಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ.

ಗದಗ, ಧಾರವಾಡ, ವಿಜಯಪುರ, ಕಲಬುರಗಿಯ ಎರೆಹೊಲಗಳಲ್ಲಿ ಹಿಂಗಾರಿನ ಕಡಲೆ ನಿಂತಿರುತ್ತದೆ. ಗಿಡದ ಮೈಮೇಲಿನ ಸಣ್ಣ ರೋಮಗಳು ಹುಳಿ ಸ್ರವಿಸುತ್ತವೆ. ಅದರಲ್ಲಿರುವುದು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಲೂಪಿನಲ್ಲಿ ನೋಡಿದರೆ ಪ್ರತಿ ರೋಮದ ತುದಿಯಲ್ಲೂ ಗುಂಡುಸೂಜಿಯ ತಲೆಯಂತೆ ಒಂದು ಮಿನುಗು. ರಾತ್ರಿ ಗಿಡಗಳ ಮೇಲೆ ತೆಳ್ಳನೆ ಬಿಳಿಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿಯ ಜೊತೆ ಅದನ್ನು ಹಿಂಡಿ ಕಡ್ಲಿ ಹುಳಿ ತೆಗೆದಿಡುವ ರೂಢಿ ಆ ಕಡೆ ಇದೆ, ಹೊಟ್ಟೆನೋವಿಗೆ ಅಂತ. ಒಂದು ಎಲೆ ನಾಲಿಗೆ ಮೇಲಿಟ್ಟರೆ ಹುಳಿಯುಪ್ಪು. ಇಡುವ ಮುಂಚೆ ಹೊಲದವರನ್ನು ‘ಎಣ್ಣಿ ಹೊಡದೀರೇನ್ರಿ?’ ಅಂತ ಕೇಳಿಬಿಡಿ. ಕಾಯಿಕೊರಕ ಹುಳಕ್ಕೆ ಔಷಧಿ ಹೊಡೆಯುವುದು ಇದೇ ಹೊತ್ತಿನಲ್ಲಿ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಚರಗ ಚೆಲ್ಲಲು (ಹೊಲಕ್ಕೆ ನೈವೇದ್ಯ ಎರಚಲು) ಹೇಗೂ ಹೊಲಕ್ಕೆ ಹೋಗುವವರು ಬುತ್ತಿ ಕಟ್ಟುವವರನ್ನು ಬಿಟ್ಟು ಒಂದಿಬ್ಬರು ಮೊದಲೇ ಹೊರಡಬಹುದು.

ಕಲ್ಲಿನ ಮೇಲೆ, ಗೋಡೆಯ ಮೇಲೆ

ಮಸಾಲೆಗೆ ಹಾಕುವ ಕಲ್ಲುಹೂವಿನ ಬಂಧುಗಳು ತುಮಕೂರು, ರಾಮನಗರದ ಕಡೆಯ ಬಂಡೆಗಳ ಮೇಲೆಲ್ಲ ಬೂದಿ, ಹಳದಿ, ಕಿತ್ತಳೆ ಬಣ್ಣದ ನಕ್ಷೆಗಳಾಗಿ ಅಂಟಿಕೊಂಡಿವೆ. ಇವು ಪಾಚಿ ಮತ್ತು ಶಿಲೀಂಧ್ರ ಒಟ್ಟಿಗೆ ಸಂಸಾರ ಮಾಡುವ ಜೀವಿಗಳು. ಒಣಗಿದ್ದಾಗ ಮಂಕು. ತೇವವಾದರೆ ಮೇಲ್ಪದರ ಪಾರದರ್ಶಕವಾಗಿ ಒಳಗಿನ ಪಾಚಿಯ ಹಸಿರು ಮೇಲೆ ಬರುತ್ತದೆ. ಒಂದು ಚಮಚ ನೀರು ಚೆಲ್ಲಿ ಪಕ್ಕದ ಒಣ ಭಾಗದ ಜೊತೆ ಹೋಲಿಸಿ ನೋಡಿ. ಲೂಪಿನಲ್ಲಿ ಪುಟ್ಟ ಪುಟ್ಟ ಬಟ್ಟಲುಗಳು ಕಾಣುತ್ತವೆ, ಅಂಚು ಒಂದು ಬಣ್ಣ, ಒಳಗೆ ಇನ್ನೊಂದು. ಕೆರೆದು ತರಬೇಡಿ, ಹಲವು ಜಾತಿಗಳು ವರ್ಷಕ್ಕೆ ಮಿಲಿಮೀಟರ್ ಲೆಕ್ಕದಲ್ಲಿ ಬೆಳೆಯುವಂಥವು.

ಹಳೇ ಕಾಂಪೌಂಡಿನ ಮೇಲಿನ ಹಾವಸೆ ಡಿಸೆಂಬರ್ ಹೊತ್ತಿಗೆ ಕಂದಾಗಿ ಮುರುಟಿರುತ್ತದೆ, ಸತ್ತಿದೆ ಅನ್ನಿಸುತ್ತದೆ. ಲೂಪಿಗೆ ಕಣ್ಣಿಟ್ಟುಕೊಂಡೇ ಬೆರಳ ತುದಿಯಿಂದ ಎರಡು ಹನಿ ನೀರು ಬಿಡಿ. ಸುರುಳಿಯಾಗಿದ್ದ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡು ನಕ್ಷತ್ರದಂತೆ ಹರಡುತ್ತವೆ. ಕಣ್ಣೆದುರಿಗೇ ನಡೆಯುತ್ತದೆ, ಹೆಚ್ಚು ಹೊತ್ತು ಕಾಯಬೇಕಿಲ್ಲ.

ತೇಗದ ತೋಪು ಹತ್ತಿರವಿದ್ದರೆ ಬಿದ್ದ ಎಲೆ ಎತ್ತಿ ಬಿಸಿಲಿಗೆ ಹಿಡಿಯಿರಿ. ಎಲೆ ತಿನ್ನುವ ಒಂದು ಕಂಬಳಿಹುಳ ನರಗಳನ್ನು ಬಿಟ್ಟು ನಡುವಿನ ಹಸಿರನ್ನಷ್ಟೇ ಮೇಯುವುದರಿಂದ ಎಲೆ ಜಾಲರಿಯಾಗಿರುತ್ತದೆ.

ಹಿಮದ ಹರಳು ಬೇಕಿದ್ದರೆ

ನಮ್ಮ ನೆಲದಲ್ಲಿ ಇಬ್ಬನಿ ಹೆಪ್ಪುಗಟ್ಟುವುದು ತೀರ ಕಡಿಮೆ. ಮೈಸೂರಿನವರಿಗೆ ಹತ್ತಿರವೆಂದರೆ ಊಟಿಯ ಸುತ್ತಿನ ತಗ್ಗುಗಳು. ತಲೈಕುಂದಾದ ಹುಲ್ಲುಗಾವಲು ಡಿಸೆಂಬರ್, ಜನವರಿಯ ತಿಳಿ ರಾತ್ರಿಗಳಲ್ಲಿ ಬೆಳ್ಳಗಾಗುತ್ತದೆ. ತಣ್ಣನೆ ಗಾಳಿ ಭಾರವಾಗಿದ್ದು ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುವುದರಿಂದ ಗುಡ್ಡದ ನೆತ್ತಿಯಲ್ಲಿ ಹುಡುಕಬಾರದು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುವ ಕಾರಣ ಮೈಸೂರಿನಿಂದ ಅವತ್ತೇ ಹೊರಟು ಮುಟ್ಟುವ ಲೆಕ್ಕ ಹಾಕಬೇಡಿ, ಹಿಂದಿನ ದಿನವೇ ಹೋಗಿ ಉಳಿಯಬೇಕು. ಬಿಸಿಲು ತಾಗಿದ ಕೆಲವೇ ನಿಮಿಷಕ್ಕೆ ಎಲ್ಲ ನೀರು. ನೆರಳಿರುವ ಅಂಚಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ.

ಎಚ್ಚರ

ಕೊಳಕುಮಂಡಲ ಚಳಿಗಾಲದ ಬೆಳಗ್ಗೆ ಬಿಸಿಲು ಕಾಯಿಸಲು ಬದುವಿಗೆ, ಕಾಲುದಾರಿಗೆ ಬರುತ್ತದೆ. ಒಣ ಎಲೆಯಲ್ಲಿ ಎದುರಿಗೇ ಇದ್ದರೂ ಕಾಣುವುದಿಲ್ಲ. ಮಂಡಿಯೂರುವ ಮೊದಲು ಕೋಲಿನಿಂದ ಸುತ್ತ ತಟ್ಟಿ ನೋಡಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಯಾವುದೂ ಬೇಡ, ನೇರ ವಿಷನಿರೋಧಕ ಇರುವ ಆಸ್ಪತ್ರೆಗೆ.

ಮಲೆನಾಡಿನಲ್ಲಿ, ಅದರಲ್ಲೂ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನಲ್ಲಿ, ಚಳಿಗಾಲ ಶುರುವಾದರೆ ಮಂಗನ ಕಾಯಿಲೆಯ ಕಾಲವೂ ಶುರು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಜ್ವರ ಹರಡುವುದು ಉಣ್ಣೆಗಳಿಂದ. ಅಲ್ಲಿ ದರಗಿನ, ಅಂದರೆ ಉದುರಿದ ಒಣ ಎಲೆಗಳ ಮೇಲೆ ಕೂರುವುದು, ಮಂಡಿಯೂರುವುದು ಬೇಡವೇ ಬೇಡ. ಆರೋಗ್ಯ ಇಲಾಖೆ ಕೊಡುವ, ಉಣ್ಣೆ ಕಚ್ಚದಂತೆ ತಡೆಯುವ ಡೆಪಾ ತೈಲ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡಿ.

ಬೇಲಿಯ ಮೇಲೆ ಹೊಂಬಣ್ಣದ ಮಖಮಲ್ಲು ಹೊದ್ದಂಥ ಕಾಯಿಗೊಂಚಲು ಕಂಡರೆ ಚೆಂದ ಅಂತ ಮುಟ್ಟಬೇಡಿ, ಅದು ತಾಗಿದರೆ ವಿಪರೀತ ತುರಿಸುವ ನಸುಗುನ್ನಿ. ಗಾಳಿಯ ಕೆಳದಿಕ್ಕಿನಲ್ಲೂ ನಿಲ್ಲಬೇಡಿ. ರೋಮ ತಾಗಿದರೆ ಉಜ್ಜದೆ ಅಂಟುಟೇಪು ಹಚ್ಚಿ ಹಚ್ಚಿ ಕಿತ್ತು ತೆಗೆಯಿರಿ.

ಮಲಗಿದವರನ್ನು ಸಂಜೆಯೇ ಗುರುತಿಡಿ

ಇಬ್ಬನಿ ತೊಟ್ಟ ಏರೋಪ್ಲೇನ್ ಚಿಟ್ಟೆ, ಪಾತರಗಿತ್ತಿ ಸಿಗಬೇಕೆಂದು ಬೆಳಗ್ಗೆ ಕತ್ತಲಲ್ಲಿ ತಡಕಾಡುವುದು ವ್ಯರ್ಥ. ಹಿಂದಿನ ಸಂಜೆ ಐದೂವರೆಯಿಂದ ಆರೂಕಾಲರ ನಡುವೆ ಅದೇ ಜಾಗದಲ್ಲಿ ನಿಧಾನ ಒಂದು ಸುತ್ತು ಹಾಕಿ. ಒಣಗಿದ ತೆಳು ಕಡ್ಡಿ, ಬೇಲಿಯ ಜೋತ ಬಳ್ಳಿ ಇವುಗಳ ಮೇಲೆ ಕಣ್ಣಿಡಿ. ನೀಲಿ ಪಟ್ಟೆಯ ಒಂಟಿ ಜೇನಿನ ಗಂಡುಗಳು ಒಂದೇ ಕಡ್ಡಿಗೆ ನಾಲ್ಕೈದು ಬಂದು, ದವಡೆಯಲ್ಲಿ ಕಡ್ಡಿ ಕಚ್ಚಿಕೊಂಡು, ಕಾಲು ಮಡಚಿ ಸಾಲಾಗಿ ನೇತುಬೀಳುತ್ತವೆ. ಹೆಣ್ಣುಗಳಿಗೆ ಮಣ್ಣಿನೊಳಗೆ ಗೂಡುಂಟು, ಗಂಡುಗಳಿಗೆ ಮನೆಯಿಲ್ಲ. ಗಂಡಿಗೆ ಕೊಂಡಿಯೂ ಇಲ್ಲ, ಆದ್ದರಿಂದ ಹತ್ತಿರ ಹೋಗಲು ಹೆದರಬೇಕಿಲ್ಲ. ಕಡ್ಡಿಯಿಂದ ಒಂದು ಮಾರು ಆಚೆ ಕಲ್ಲಿಟ್ಟು ಗುರುತು ಮಾಡಿ ಬನ್ನಿ. ಕಡ್ಡಿಗೇ ದಾರ ಕಟ್ಟಿದರೆ ಎದ್ದುಹೋಗುತ್ತವೆ.

ಬೆಳಗ್ಗೆ ಹೋದಾಗ ಅದೇ ಸಾಲು, ಮೈಮೇಲಿನ ರೋಮರೋಮಕ್ಕೂ ಹನಿ. ಮೈ ತಣ್ಣಗಿರುವುದರಿಂದ ಹಾರಲಾರವು. ಊದಬೇಡಿ, ಟಾರ್ಚಿನ ಕಾವು ಕೊಡಬೇಡಿ. ಫೋಟೋ ತೆಗೆಯುವುದಿದ್ದರೆ ತೀರ ಹತ್ತಿರ ನುಗ್ಗದೆ ಒಂದು ಮೊಳ ದೂರದಿಂದ ಎರಡುಪಟ್ಟು ಜೂಮ್ ಮಾಡಿ, ಪರದೆಯ ಮೇಲೆ ಒತ್ತಿ ಹಿಡಿದು ಬೆಳಕನ್ನು ಸ್ವಲ್ಪ ಕೆಳಗಿಳಿಸಿ. ಇಲ್ಲದಿದ್ದರೆ ಹನಿಗಳೆಲ್ಲ ಬರೀ ಬಿಳಿ ಚುಕ್ಕೆಯಾಗುತ್ತವೆ. ಬಿಸಿಲು ತಾಗಿದ ಮೇಲೆ ಮೊದಲು ಒಂದು ಮೀಸೆ ಅಲುಗುತ್ತದೆ. ಆಮೇಲೆ ಮುಂಗಾಲಿನಿಂದ ಕಣ್ಣೊರೆಸಿಕೊಳ್ಳುವುದು, ಹಾರಾಡದೆ ನಿಂತಲ್ಲೇ ರೆಕ್ಕೆಯ ಸ್ನಾಯು ಅದುರಿಸಿ ಮೈ ಕಾಯಿಸಿಕೊಳ್ಳುವುದು. ಆ ಅದುರಿಗೆ ಹನಿಗಳು ಉದುರುತ್ತವೆ. ಒಂದು ಹಾರುತ್ತದೆ, ಪಕ್ಕದ್ದು ಇನ್ನೂ ಕಚ್ಚಿಕೊಂಡೇ ಇರುತ್ತದೆ. ಕಡ್ಡಿಯನ್ನು ಯಾರೂ ಮುರಿಯದಿದ್ದರೆ ಸಂಜೆ ಅಲ್ಲಿಗೇ ಮರಳಿ ಬರುವುದುಂಟು.